ಬಳಚು ತಾಗಿದ ಬೆರಳು

ರಾತ್ರಿ ಪಾಳಿ. ಕುಮಟೆಯ ಆಸ್ಪತ್ರೆಯ ಲ್ಯಾಬಿನಲ್ಲಿ
ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.
ನಿನ್ನದೊಂದು ಹನಿ, ದೇವಮ್ಮ,
ಗಾಜಿನ ಮೇಲೆ ಎಳೆದು, ಒಣಗಿಸಿ, ನೇರಳೆ ಬಣ್ಣ ಕುಡಿಸಿ
ಮೈಕ್ರೋಸ್ಕೋಪಿನ ಕೆಳಗಿಟ್ಟಿದ್ದೇನೆ.
ನೀನು ಹೊರಗೆ ಬೆಂಚಿನ ಮೇಲೆ
ಬಾತ ಕೈಯನ್ನು ಬೇರೆಯವರ ಕೂಸಿನ ಹಾಗೆ
ಮಡಿಲಲ್ಲಿಟ್ಟುಕೊಂಡು ಕೂತಿದ್ದೀ.
"ಎಂತ ಇಲ್ಲ, ಬಳಚು ತಾಗಿದ್ದು."

ಸೋಮವಾರದ ಇಳಿತ. ಅಘನಾಶಿನಿ
ಮೊಣಕಾಲಿಗೆ ಇಳಿದಾಗ ನೀವು ಎಂಟು ಹೆಂಗಸರು
ಪಾದದಲ್ಲಿ ಕೆಸರು ತಡಕುತ್ತಾ.
ಒಂದು ಒಡಕು ಚಿಪ್ಪು, ನಡುಬೆರಳು, ಒಂದು ಗೆರೆ.
ಅದೇ ನೀರಲ್ಲಿ ಅದ್ದಿ ಮತ್ತೆ ಬಾಗಿದೆ;
ಡಬ್ಬ ಅರ್ಧವೂ ತುಂಬಿರಲಿಲ್ಲ,
ಹೊಳೆ ಯಾರಿಗೂ ಕಾಯುವುದಿಲ್ಲ.

ನೀನು ಮರೆತೆ. ಒಳಗಿನವರು ಆಗಲೇ ಎದ್ದಿದ್ದರು.
ಚರ್ಮದಡಿ ಬೀಡುಬಿಟ್ಟ ಕಾವಲಿನವರು,
ಕಣ್ಣಿಲ್ಲ, ಕಿವಿಯಿಲ್ಲ, ಮೈಯೆಲ್ಲ ಬೆರಳ ತುದಿ.
ಬಂದವನ ಹೆಸರು ಕೇಳುವವರಲ್ಲ, ಊರು ಕೇಳುವವರಲ್ಲ,
ಹೊದ್ದದ್ದನ್ನು ಮುಟ್ಟಿ ನೋಡುತ್ತಾರೆ, ಅಷ್ಟೆ:
ಜಿಡ್ಡು, ಸಕ್ಕರೆ ಸೇರಿಸಿ ನೇಯ್ದ ಈ ಬಟ್ಟೆ
ನಮ್ಮಲ್ಲಿ ಯಾರೂ ನೇಯುವುದಿಲ್ಲ.
ಹುಟ್ಟು ಹಾಕುತ್ತಿರುವ ಈ ಬಾಲ
ನಮ್ಮ ದೋಣಿಯದ್ದಲ್ಲ.
ಕಲಕಿದ ನೀರಲ್ಲಿ ನೀನು ಕಾಲ್ಬೆರಳಿಂದಲೇ
ಇದು ಕಲ್ಲು, ಇದು ಬಳಚು ಎನ್ನುವುದಿಲ್ಲವೆ,
ಹಾಗೆ.

ಆಮೇಲೆ ಕೂಗು. ಶಬ್ದವಿಲ್ಲದ್ದು,
ನೀರಲ್ಲಿ ವಾಸನೆ ಹಬ್ಬಿದಂತೆ ಹಬ್ಬುವ ಕೂಗು.
ನಾಳ ಅಗಲವಾಯಿತು, ಗೋಡೆ ಸಡಿಲವಾಯಿತು, ನೀರು ಜಿನುಗಿತು.
ನೀನು ಬಾವು ಅಂದದ್ದು ಇದಕ್ಕೇ.
ಈ ಕೆಂಪು, ಈ ಬಿಸಿ, ನಿದ್ದೆಗೆಡಿಸಿದ ಈ ಮಿಡಿತ
ರೋಗವಲ್ಲ ದೇವಮ್ಮ
(ಅಂದರೆ, ಪೂರ್ತಿ ರೋಗವಲ್ಲ),
ಓಡಿ ಬಂದವರ ಕಾಲಸಪ್ಪಳ.

ಟಿಕ್. ಟಿಕ್. ಎಣಿಸುತ್ತಿದ್ದೇನೆ ಅವರನ್ನು.
ಮೂಳೆಯ ಮಜ್ಜೆಯಲ್ಲಿ ಹುಟ್ಟಿ
ಒಂದೋ ಎರಡೋ ದಿನ ಬದುಕುವವರು,
ನಾಳದ ಅಂಚಿಗೆ ಉರುಳಿ, ಅಂಟಿ, ನಿಂತು,
ಸಂದಿಯಲ್ಲಿ ಮೈ ಸಪೂರ ಮಾಡಿ ನುಸುಳುವವರು.
ಸಿಕ್ಕದ್ದನ್ನು ನುಂಗುತ್ತಾರೆ.
ನುಂಗಿ ಮುಗಿಯದಾಗ
(ಇದನ್ನು ಓದಿದ ದಿನ ಪುಸ್ತಕ ಮುಚ್ಚಿ
ಸುಮ್ಮನೆ ಕೂತಿದ್ದೆ)
ತಮ್ಮ ನಡುವಿನ ಗಂಟು ಬಿಚ್ಚಿ,
ವಂಶವೆಲ್ಲ ಬರೆದಿಟ್ಟ ದಾರವನ್ನೇ
ಬೀಸುಬಲೆಯಂತೆ ಎಸೆಯುತ್ತಾರೆ.
ನಿನ್ನ ಗಂಡ ಬಲೆ ಬೀಸಿ ಎಳೆದುಕೊಳ್ಳುತ್ತಾನೆ;
ಇವರಲ್ಲಿ ಅನೇಕರಿಗೆ ಎಳೆಯಲು ಕೈ ಉಳಿಯುವುದಿಲ್ಲ.
ಸಂಜೆ ಸಿಸ್ಟರ್ ರೆಮೆಡಿಯಾ ಕೀವು ಎಂದು
ಹತ್ತಿಯಲ್ಲಿ ಒರೆಸಿ ಬಕೆಟ್ಟಿಗೆ ಹಾಕಿದರಲ್ಲ,
ಅವರೇ.

ನೂರರಲ್ಲಿ ಎಂಬತ್ತೆಂಟು.
ಅದರಲ್ಲಿ ಹದಿನಾಲ್ಕು ಎಳೆಯರು.
ಬೀಜ ಇನ್ನೂ ಮೂರು ತುಂಡಾಗಿಲ್ಲ,
ಲಾಳದ ಹಾಗೆ ಬಾಗಿ ನಿಂತಿದೆ.
ಮನೆಯಲ್ಲಿ ದೊಡ್ಡವರು ಸಾಲದೆ
ಶಾಲೆ ಬಿಡಿಸಿ ಕಳಿಸಿದ್ದಾರೆ.
ಇಷ್ಟು ಎಳೆಯರನ್ನು ಕಂಡರೆ ನಾವು ಫೋನು ಎತ್ತುತ್ತೇವೆ.
ಡಾಕ್ಟರು ಮೆಟ್ಟಿಲಿಳಿದು ಬರುತ್ತಿದ್ದಾರೆ,
ಸಲೈನಿನ ಜೊತೆ ಹೊರಗಿನ ನೆರವೂ ಬರುತ್ತದೆ.

ರಿಪೋರ್ಟಿನಲ್ಲಿ ಜಾಗವಿಲ್ಲದ ಒಂದು ಮಾತು:
ನಿನ್ನ ಬೆರಳು ಕುಯ್ದ ಆ ಚಿಪ್ಪಿನೊಳಗೂ
ಒಂದು ಕಾಲಕ್ಕೆ ಇಂಥವರೇ ಇದ್ದರು.
ಬಾಯ್ತೆರೆದು ಇಡೀ ಹೊಳೆ ಜಾಲಿಸುವ ಜೀವ,
ಅದಕ್ಕೆ ಬೇರೆ ದಂಡಿಲ್ಲ,
ಶತ್ರುವಿನ ಮುಖ ಬರೆದಿಡುವ ರಕ್ತವಿಲ್ಲ,
ಈ ಮುಟ್ಟಿ ನೋಡುವವರನ್ನೇ ನಂಬಿ
ಕೆಸರಲ್ಲಿ ಅಷ್ಟು ಕಾಲದಿಂದ ಬಾಳಿದೆ.
ಅದೂ ನೀನೂ ಬೇರೆಯಾಗುವ ಮೊದಲು
ಯಾವುದೋ ನೀರಲ್ಲಿ ಕಲಿತ ಕಸುಬು.

ಬಾಗಿಲಲ್ಲಿ ನಿಂತು ಕೇಳುತ್ತೀ:
"ನಾಳೆ ಎಂಟಕ್ಕೆ ನೀರಿಳೂದು. ಹೋಗ್ಲಕ್ಕಾ?"
ಬೇಡ, ಎಂದೆ.
ನೀನು ನನ್ನ ಕಡೆ ನೋಡಲಿಲ್ಲ,
ಬೆರಳಿನ ಕಡೆ ನೋಡಿದೆ,
ಅವರನ್ನೂ ಒಂದು ಮಾತು ಕೇಳುವ ಹಾಗೆ.